ಬಾಯಿ ತುಂಬ ಗುಂಡುಪಿನ್ನು

ಟೈಲರ್ ಅಕ್ಕ ಯಾಕೆ ಇದ್ದಕ್ಕಿದ್ದಂತೆ ಇಷ್ಟೊಂದು ಮಾತಾಡುತ್ತಿದ್ದಾಳೆ? ಮೂರು ದಿನದಿಂದ ಇದೊಂದೇ ಚಿಂತೆ ಪುಟ್ಟಿಯ ಅಮ್ಮನ ತಲೆಯನ್ನು ಗುಂಗಿಹುಳದಂತೆ ಕೊರೆಯುತ್ತಿತ್ತು. ಹತ್ತು ತಿಂಗಳ ಮಗಳನ್ನು ಅಕ್ಕನ ಕೈಗೆ ಒಪ್ಪಿಸಿ ದಿನವಿಡೀ ಆಫೀಸಿನಲ್ಲಿ ಕೂರುವ ತಾಯಿಗೆ ಇಂಥದ್ದೆಲ್ಲ ಸಣ್ಣ ವಿಷಯವಲ್ಲ.

ಅವರ ಮನೆಯ ಮೇಲಿನ ಮಹಡಿಯಲ್ಲಿ, ಒಂದೇ ಕೋಣೆಯಲ್ಲಿ, ಅಕ್ಕ ಇಪ್ಪತ್ತು ವರ್ಷದಿಂದ ಹೊಲಿಯುತ್ತಿದ್ದಳು. ತುಟಿಗಳ ನಡುವೆ ಸದಾ ಐದಾರು ಗುಂಡುಪಿನ್ನು. ಹಾಗಾಗಿ ವ್ಯವಹಾರವೆಲ್ಲ ಬರೀ ಹೂಂಗುಟ್ಟುವುದರಲ್ಲೇ. ಅಂಗಿ ನಾಳೆ ಸಿಗುತ್ತಾ ಎಂದು ಕೇಳಿದರೆ ಗಿಡ್ಡ ಹೂಂ ಬಂದರೆ ಸಿಗುತ್ತದೆ ಎಂದರ್ಥ. ಎಳೆದ ಹೂಂ ಬಂದರೆ, ನಾಡಿದ್ದು ಬಂದು ಬೈದು ಹೋಗಿ ಎಂದರ್ಥ. ಗಂಡ ತೀರಿಕೊಂಡ ದಿನ ಸಮಾಧಾನ ಹೇಳಲು ಬಂದವರಿಗೂ ಹೂಂ ಎಂದಳಂತೆ. ಅವತ್ತು ಬಾಯಲ್ಲಿ ಪಿನ್ನಿರಲಿಲ್ಲ ಎಂದು ಇಸ್ತ್ರಿಯವನು ಈಗಲೂ ನೆನೆಯುತ್ತಾನೆ.

ಮಗುವನ್ನು ಅಲ್ಲಿ ಬಿಡತೊಡಗಿದ ನಾಲ್ಕು ತಿಂಗಳಲ್ಲಿ ಪುಟ್ಟಿಯ ಅಮ್ಮನೂ ಆ ಭಾಷೆ ಕಲಿತಿದ್ದಳು. ಮಗು ಹೊಟ್ಟೆ ತುಂಬ ಉಂಡಿದ್ದರೆ ಅಕ್ಕನ ಹೂಂ ಗಂಟಲಿಗೆ ಇಳಿಯುತ್ತಿತ್ತು, ನಿದ್ದೆ ಮಾಡದಿದ್ದರೆ ಮೂಗಿಗೆ ಏರುತ್ತಿತ್ತು.

ಈ ಸೋಮವಾರ ಸಂಜೆ ಹೋದರೆ ಅಕ್ಕನ ಬಾಯಿ ಖಾಲಿ. ಬಿಸಿಲಿನ ಬಗ್ಗೆ ಮಾತು, ನಲ್ಲಿಯ ನೀರಿನ ಬಗ್ಗೆ ಮಾತು, ಎಲ್ಲ ಸುತ್ತಿ ಬಳಸಿ ಕೊನೆಗೆ ಮಗುವಿನ ಹೊಟ್ಟೆಗೇ ಬರುತ್ತಿತ್ತು. ಮರುದಿನ ಬೆಳಿಗ್ಗೆ ಅಕ್ಕ ನಿದ್ದೆಗೆಟ್ಟ ಕೆಂಪು ಕಣ್ಣುಗಳೊಂದಿಗೆ ಬಾಗಿಲಲ್ಲೇ ಕಾದು ನಿಂತಿದ್ದಳು. ಪುಟ್ಟಿ ರಾತ್ರಿ ಅತ್ತಳಾ, ಕಕ್ಕ ಸಲೀಸಾಗಿ ಹೋಯಿತಾ ಎಂದು ಕೇಳಿದಳು. ಬುಧವಾರವೂ ಅದೇ ಪ್ರಶ್ನೆ. ಇವಳು ಮುಖ ಬಿಗಿದು ಎರಡೂ ಸಲ ಬರೀ "ಹೂಂ" ಎಂದಿದ್ದಳು.

ನಿದ್ದೆಯ ಔಷಧಿ ಕುಡಿಸಿದಳೇ? ಎತ್ತರದಿಂದ ಬೀಳಿಸಿದಳೇ? ಎರಡೂ ಸಂಜೆ ಮಗುವಿನ ಬಟ್ಟೆ ಬಿಚ್ಚಿ ಬೆನ್ನು, ತೊಡೆ, ನೆತ್ತಿ ಎಲ್ಲ ಹುಡುಕಿದ್ದೇ ಹುಡುಕಿದ್ದು. ಇವಳ ಗಂಡ ನಕ್ಕ. "ಮಾತಾಡದಿದ್ರೆ ಜಂಬ ಅಂತೀಯ, ಮಾತಾಡಿದ್ರೆ ಕಳ್ಳಿ ಅಂತೀಯ. ಪಾಪ, ಅವರು ಬದುಕೋದು ಹೇಗೆ?"

ಅದೇ ಬುಧವಾರ ಆಫೀಸಿನಲ್ಲಿ ತಲೆನೋವೆಂದು ಸುಳ್ಳು ಹೇಳಿ ಮೂರು ಗಂಟೆಗೇ ಬಂದುಬಿಟ್ಟಳು. ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದಳು. ಮಗು ತೊಟ್ಟಿಲಲ್ಲಿ ಕಾಲು ಬಡಿಯುತ್ತಿತ್ತು. ಅಕ್ಕ ಮಂಡಿಯೂರಿ, ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ಮಿಷನ್ನಿನ ಕೆಳಗೆ ಕರಕರ ಎಳೆಯುತ್ತಿದ್ದಳು. ಇವಳನ್ನು ಕಂಡದ್ದೇ ಅದನ್ನು ಸೆರಗಿನಲ್ಲಿ ಮುಚ್ಚಿದಳು.

"ನೂಲಿನುಂಡೆ ಬಿತ್ತು ಕಣಮ್ಮಾ."

ನೂಲು ಎಲ್ಲಾದರೂ ಅಯಸ್ಕಾಂತಕ್ಕೆ ಅಂಟೀತೇ? ಖಾಲಿ ಬಾಯಿ, ಅಯಸ್ಕಾಂತ, ಹೊಟ್ಟೆಯ ವಿಚಾರಣೆ. ಮೂರೂ ಒಟ್ಟಿಗೆ ಹೊಂದಿಕೊಂಡಾಗ ಅವಳು ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡಳು.

"ಅಕ್ಕಾ, ಪಿನ್ನಾ?"

"ಹೂಂ."

ಸೋಮವಾರ ಕೆಲಸದ ನಡುವೆ ಅಕ್ಕನಿಗೆ ಸೀನು ಬಂತಂತೆ. ಬಾಯಲ್ಲಿ ಆರು ಪಿನ್ನಿದ್ದವು, ಸಿಕ್ಕಿದ್ದು ಐದು. ಮಗು ಅಲ್ಲೇ ಕೂತು ಬಾಯಿ ಚಪ್ಪರಿಸುತ್ತಿತ್ತಂತೆ. ಬೆರಳು ಹಾಕಿ ನೋಡಿದರೆ ಏನೂ ಇರಲಿಲ್ಲ.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮಾರನೇ ದಿನ ಕರ್ಕೊಂಡು ಬರ್ತಿದ್ಯಾ?"

ಇವಳು ಮಗುವನ್ನು ಎದೆಗವಚಿಕೊಂಡು ಓಡಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಎರಡೆರಡು ಸಲ ನೋಡಿದರು. ಪಿನ್ನಿನ ಸುಳಿವೇ ಇಲ್ಲ ಎಂದರು. ಹೊರಗಿನ ಬೆಂಚಿನ ಮೇಲೆ ಕೂತಾಗ ಅವಳಿಗೆ ಬಂದದ್ದು ಅಳುವಲ್ಲ, ಸಿಟ್ಟು. ಮೂರು ದಿನ ಮುಚ್ಚಿಟ್ಟಳಲ್ಲ, ಒಂದು ರಾತ್ರಿಯಾದರೂ ಬೇಯಲಿ ಎಂದು ಫೋನನ್ನು ಚೀಲಕ್ಕೆ ತುರುಕಿದಳು.

ಆದರೆ ಬಾಗಿಲಲ್ಲಿ ಕಾದು ನಿಂತಿದ್ದ ಆ ಕೆಂಪು ಕಣ್ಣುಗಳು ಬಿಡಲಿಲ್ಲ. ಇವಳ ಬಿಗಿದ ಹೂಂನಲ್ಲಿ ಮಗು ಚೆನ್ನಾಗಿದೆಯೋ ಇಲ್ಲವೋ ಎಂದು ಹುಡುಕಾಡಿದ ಕಣ್ಣುಗಳು. ಕಳ್ಳಿಯ ಮುಖ ಎಂದುಕೊಂಡದ್ದು ಹೆದರಿದ ಮುಖವಾಗಿತ್ತು. ಅವಳು ಫೋನ್ ತೆಗೆದು ನಂಬರ್ ಒತ್ತಿದಳು.

ಒಂದೇ ರಿಂಗಿಗೆ ಎತ್ತಿದಳು ಅಕ್ಕ. ಹಲೋ ಎನ್ನಲಿಲ್ಲ.

"ಅಕ್ಕಾ, ಹೊಟ್ಟೇಲಿ ಏನೂ ಇಲ್ಲ."

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ನಾಳೆ ಕರ್ಕೊಂಡು ಬರಲ್ಲ. ಆ ಪಿನ್ನು ಸಿಕ್ಕಿದ ದಿನ ಫೋನ್ ಮಾಡಿ."

"ಹೂಂ."

ಆ ಹೂಂನ ಬೆನ್ನಿಗೇ ನೆಲದ ಮೇಲೆ ಅಯಸ್ಕಾಂತ ಎಳೆಯುವ ಕರಕರ ಸದ್ದು ಕೇಳಿಸಿತು.