ಹಾರಿಕಾಳ ಬಿಸಿ ಪೆಟ್ಟಿಗೆ

ಹೊಳಗುಂದದ ಕುರಿ ಭೀಮಲಿಂಗಪ್ಪನ ಮಗಳು ಗೇಮಿಂಗ್ ಲ್ಯಾಪ್‌ಟಾಪ್ ಕೊಂಡಿದ್ದಾಳೆಂಬ ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಆದವಾನಿಯಿಂದ ಬರುವ ಬಸ್ಸಿನಲ್ಲಿ ಅಷ್ಟು ದೊಡ್ಡ ಡಬ್ಬಿಯನ್ನು ತೊಡೆಯ ಮೇಲೆ ಕೂರಿಸಿ ಎರಡೂ ಕೈಯಿಂದ ತಬ್ಬಿಕೊಂಡಿದ್ದ ಹಾರಿಕಾಳನ್ನು ಕಂಡು ಕಂಡಕ್ಟರ್, "ಮಿಕ್ಸಿ ಏನಮ್ಮಾ?" ಎಂದು ಕೇಳಿದ. "ಅಲ್ಲಣ್ಣ, ಲ್ಯಾಪ್‌ಟಾಪ್" ಎಂದಳು. ಬರೀ ಲ್ಯಾಪ್‌ಟಾಪ್ ಅಂದುಬಿಟ್ಟರೆ ಅದರ ಮರ್ಯಾದೆ ಹೋದೀತು ಅನ್ನಿಸಿತೋ ಏನೋ, "ಗೇಮಿಂಗ್ ಲ್ಯಾಪ್‌ಟಾಪ್" ಎಂದು ತಿದ್ದಿದಳು. ಅಷ್ಟು ಸಾಕಾಯಿತು. ಹಿಂದಿನ ಸೀಟಿನ ಹೆಂಗಸರ ಫೋನುಗಳು ಕೆಲಸ ಶುರು ಮಾಡಿದವು.

ಹಾರಿಕಾಗೆ ಆದವಾನಿಯ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುವ ಕೆಲಸ. ಸುತ್ತಲಿನ ಊರುಗಳ ಮದುವೆ, ನಾಮಕರಣ, ಹುಟ್ಟುಹಬ್ಬದ ಬ್ಯಾನರುಗಳಲ್ಲಿ ಎಲ್ಲರ ಮುಖವೂ ಒಂದೇ ಬಣ್ಣಕ್ಕೆ ಬೆಳ್ಳಗಾಗಿದ್ದರೆ ಅದು ಇವಳ ಕೈಚಳಕ ಅಂದುಕೊಳ್ಳಿ. ದುಡಿದ ಸಂಬಳವನ್ನು ಕೂಡಿಟ್ಟು ಲ್ಯಾಪ್‌ಟಾಪ್ ಕೊಂಡಳು. ಮನೆಯಲ್ಲಿ ಹೇಳಿದ್ದು ಡಿಸೈನ್ ಕೆಲಸಕ್ಕೆ ಅಂತ. ಸುಳ್ಳೇನಲ್ಲ, ಆದರೆ ನಿಜವೂ ಅಷ್ಟೇನಿಲ್ಲ. ಮೋಡದಲ್ಲಿ ಮುಳುಗಿದ ಬೆಟ್ಟ, ಅದನ್ನು ಸುತ್ತಿಕೊಂಡು ಏರುವ ರಸ್ತೆ, ಆ ರಸ್ತೆಯಲ್ಲಿ ಸರಕು ತುಂಬಿದ ಲಾರಿ ಓಡಿಸುವ ಆಟವೊಂದಿತ್ತು. ಅದನ್ನು ಆಡಬೇಕೆಂದು ಅವಳ ಜೀವ ಒದ್ದಾಡುತ್ತಿತ್ತು.

ಲ್ಯಾಪ್‌ಟಾಪ್ ಮಾರಿದ ವಾಗೀಶ್, ಅಂಗಡಿಯವರ ಮಾಮೂಲಿ ಸೌಜನ್ಯಕ್ಕೆ, "ಹಿಡಿಸದಿದ್ದರ ಶನಿವಾರದೊಳಗ ವಾಪಸ್ ತಂದುಕೊಡಮ್ಮ. ಡಬ್ಬಿ, ಥರ್ಮಾಕೋಲ್ ಹಂಗೇ ಇರ್ಬೇಕು ಅಷ್ಟೇ" ಅಂದಿದ್ದ. ಅವನು ಹಾಗಂದು ಮರೆತುಬಿಟ್ಟ. ಭೀಮಲಿಂಗಪ್ಪ ಮರೆಯಲಿಲ್ಲ. ಮಗಳು ಲ್ಯಾಪ್‌ಟಾಪ್ ಹೊರಗೆ ತೆಗೆದದ್ದೇ ತಡ, ಥರ್ಮಾಕೋಲನ್ನು ಒಂದು ಕಾಳೂ ಉದುರದಂತೆ ಡಬ್ಬಿಯೊಳಗಿಟ್ಟು, ಡಬ್ಬಿಯನ್ನು ಅಟ್ಟಕ್ಕೇರಿಸಿದ.

"ಡಿಸೈನ್ ಮಾಡಾಕ ನಿನ್ನ ಅಂಗಡಿಯಾಗ ಕಂಪ್ಯೂಟರ್ ಐತಿ. ಈ ಮನಿಯಾಗ ಇದು ಯಾವ ಕೆಲಸಕ್ಕ ಬರ್ತೈತಿ ತೋರಿಸು. ಇಲ್ಲಂದ್ರ ಶನಿವಾರ ಹೊತ್ಕೊಂಡು ಹೋಗಿ ಕೊಟ್ಟು ಬರೂಣು" ಎಂದ.

ಅವನ ಮಾತಿಗೂ ಅರ್ಥವಿತ್ತು ಅನ್ನಿ. ಊರ ಹೊರಗೆ, ಕುರಿಹಟ್ಟಿಗೆ ಅಂಟಿಕೊಂಡ ಮನೆ ಅದು. ಅಲ್ಲಿ ನಾಯಿಗೂ ಕೆಲಸ ಇದೆ. ಹಾರಿಕಾಗೆ ಮಾತ್ರ ಕುರಿ ಮನೆಯಲ್ಲಿ ಬೆಟ್ಟದ ಲಾರಿ ಯಾವ ಕೆಲಸಕ್ಕೆ ಬಂದೀತು ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಅಜ್ಜಿ ಬಸವಕ್ಕನದು ಇನ್ನೊಂದು ಬಗೆ. ಟಗರಾಗಲಿ ಸೊಸೆಯಾಗಲಿ, ಹೊಸದಾಗಿ ಬಂದದ್ದಕ್ಕೆ ಭಂಡಾರ ಹಚ್ಚದೆ ಒಳಗೆ ಬಿಡುವವಳಲ್ಲ ಆಕೆ. ದೇವರ ಮುಂದಿನ ಅರಿಸಿನ ಪುಡಿಯ ಚೀಲ ಬಿಚ್ಚಿ ಲ್ಯಾಪ್‌ಟಾಪಿನ ಬೆನ್ನಿಗೆ ಬಳಿದಳು. ಆಮೇಲೆ ಅದನ್ನು ತೆರೆಯಲು ಹೇಳಿ, "ಒಳಗೂ ಜೀವ ಐತಲ್ಲ" ಎನ್ನುತ್ತ ಕೀಬೋರ್ಡಿನ ಮೇಲೂ ಒಂದು ಚಿಟಿಕೆ ಉದುರಿಸಿಯೇಬಿಟ್ಟಳು. ಅಂದಿನಿಂದ ದೊಡ್ಡ ಕೀಲಿಯೊಂದು ಒತ್ತಿದಾಗಲೆಲ್ಲ ಕರಕರ ಅನ್ನುತ್ತದೆ. ಕೀಲಿಗಳಡಿ ಕೆಂಪು ದೀಪ ಉರಿಯಬೇಕಾದ ಕಡೆ ಕಿತ್ತಳೆ ಬಣ್ಣ ಕಾಣುತ್ತದೆ.

ಆ ವಾರ ಹಾರಿಕಾಳ ಕಾಲು ನೆಲದ ಮೇಲಿರಲಿಲ್ಲ. ಅಂಗಡಿಯಿಂದ ಬಂದವಳೇ ಮುಖ ತೊಳೆಯುವುದನ್ನೂ ಮರೆತು ಲಾರಿ ಹತ್ತುತ್ತಿದ್ದಳು. ಸ್ಕ್ರೀನಿನಲ್ಲಿ ಬಿದ್ದ ಮಳೆ ಗಾಜಿನ ಮೇಲೆ ಹರಿದರೆ ಇವಳು ಕೈಯಿಂದ ಒರೆಸಲು ಹೋಗುತ್ತಿದ್ದಳು. ಕೊರತೆ ಇರಲಿಲ್ಲ ಅಂತಲ್ಲ. ಬ್ಯಾಟರಿ ಹೆಸರಿಗಷ್ಟೇ. ಚಾರ್ಜರ್ ಅಂತೂ ಇಟ್ಟಿಗೆ. ಇನ್ನು ಬಿಸಿ, ಅದನ್ನು ಕೇಳಲೇಬೇಡಿ. ಆಟ ಶುರುವಾಯಿತೆಂದರೆ ಎಡಬಲದ ಕಿಂಡಿಗಳಿಂದ ಭುಸುಭುಸು ಬಿಸಿಗಾಳಿ. ತೊಡೆಯ ಮೇಲಿಟ್ಟುಕೊಂಡು ಒಮ್ಮೆ ಚುರ್ ಅನ್ನಿಸಿಕೊಂಡಿದ್ದಳು. ನಡುವೆ ವಾಗೀಶನ ಅಂಗಡಿಯಿಂದ, ನಿಮ್ಮ ಅನಿಸಿಕೆ ತಿಳಿಸಿ, ಐದರಲ್ಲಿ ಎಷ್ಟು ನಕ್ಷತ್ರ ಕೊಡುವಿರಿ ಎಂದು ಮೆಸೇಜ್ ಬಂತು. ಬಿಸಿಗೆಂದು ಒಂದನ್ನು ಕತ್ತರಿಸಿ ನಾಲ್ಕು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಆದರೆ ಕಳಿಸಲಿಲ್ಲ. ಶನಿವಾರ ಯಾರ ಮನೆಯಲ್ಲಿರುತ್ತದೋ ಏನೋ, ಈಗಲೇ ನಕ್ಷತ್ರ ಕೊಟ್ಟು ಏನು ಮಾಡುವುದು?

ಬುಧವಾರ ಇನ್ನೊಂದು ಎಡವಟ್ಟಾಯಿತು. ಆಟವನ್ನು ಅರ್ಧಕ್ಕೆ ಬಿಟ್ಟು, ಲ್ಯಾಪ್‌ಟಾಪ್ ಆರಿಸದೆ ಹಾರಿಕಾ ಉಣ್ಣಲು ಹೋಗಿದ್ದಳು. ಆ ಕಡೆ ಹಾದುಹೋದ ಬಸವಕ್ಕನಿಗೆ ಲ್ಯಾಪ್‌ಟಾಪ್ ನರಳುವ ಸದ್ದು ಕೇಳಿತು. ಮುಟ್ಟಿ ನೋಡಿದಳು. ಮೈ ಕಾದಿತ್ತು. ಹುಷಾರಿಲ್ಲದ ಕುರಿಗೂ ಮೊಮ್ಮಕ್ಕಳಿಗೂ ಏನು ಮಾಡುತ್ತಿದ್ದಳೋ ಇದಕ್ಕೂ ಅದನ್ನೇ ಮಾಡಿದಳು. ತನ್ನ ಕರಿ ಕಂಬಳಿ ತಂದು ಪೂರ್ತಿ ಮುಚ್ಚುವಂತೆ ಹೊದಿಸಿದಳು. ಹಾರಿಕಾ ಕೈ ತೊಳೆದು ಬರುವಷ್ಟರಲ್ಲಿ ಲ್ಯಾಪ್‌ಟಾಪ್ ಉಸಿರು ಕಟ್ಟಿ ತಾನಾಗೇ ಆರಿಹೋಗಿತ್ತು.

"ಅಜ್ಜೀ, ಇನ್ನೊಂದು ಸ್ವಲ್ಪ ಆಗಿದ್ರ ಸತ್ತೇ ಹೋಗ್ತಿತ್ತು" ಎಂದಳು, ಅಳುವುದೊಂದು ಬಾಕಿ.

ಬಸವಕ್ಕನ ಗಮನ ಮೊಮ್ಮಗಳ ಮೇಲಿರಲಿಲ್ಲ. ಕಂಬಳಿಯ ಒಳಗೆ ಕೈ ತೂರಿಸಿ, "ಒಳಗ ಎಷ್ಟು ಬೆಚ್ಚಗ ಐತಿ ನೋಡಾ" ಅಂದಳು. ಭೀಮಲಿಂಗಪ್ಪ ಬಾಗಿಲಲ್ಲೇ ನಿಂತು ನಕ್ಕ. "ದುಡ್ಡು ಕೊಟ್ಟು ಜ್ವರ ಬರೋ ಮಷೀನು ತಂದಾಳ ನನ್ನ ಮಗಳು" ಎಂದು ಎರಡು ದಿನ ಅದನ್ನೇ ಹೇಳಿಕೊಂಡು ಓಡಾಡಿದ.

ಗುರುವಾರ ಹಿಡಿದ ಮಳೆ ಶುಕ್ರವಾರ ಬೆಳಗಾದರೂ ಬಿಡಲಿಲ್ಲ. ಕರೆಂಟು ಹೋಗಿ ಯಾವ ಕಾಲವಾಗಿತ್ತೋ. ಬಸ್ಸು ಬರಲಿಲ್ಲ, ಹಾರಿಕಾ ಮನೆಯಲ್ಲೇ ಉಳಿದಳು. ಆ ಹೊತ್ತಿನಲ್ಲಿ ಅಜ್ಜಿಯ ಮುದ್ದಿನ ಕುರಿ ಮೊಂಡಕಿವಿ ಎರಡು ಮರಿ ಹಾಕಿತು. ಒಂದು ಎದ್ದು ನಿಂತು ಕೆಚ್ಚಲು ಹುಡುಕಿತು. ಇನ್ನೊಂದು ಒದ್ದೆ ಬಟ್ಟೆಯಂತೆ ಬಿದ್ದಲ್ಲೇ ಬಿದ್ದಿತ್ತು. ಬಸವಕ್ಕ ಅದರ ಬಾಯೊಳಗೆ ಬೆರಳಿಟ್ಟು ನೋಡಿದಳು. ಕುರಿಯವರು ಮೊದಲು ನೋಡುವುದೇ ಅದನ್ನು. ಬಾಯಿ ಬೆಚ್ಚಗಿದ್ದರೆ ಮರಿ ಬೆರಳು ಚೀಪುತ್ತದೆ, ಚೀಪಿದ ಮರಿ ಹಾಲು ಕುಡಿಯುತ್ತದೆ, ಬದುಕುತ್ತದೆ. ಇದರ ಬಾಯಿ ತಣ್ಣಗಿತ್ತು.

ಒಲೆಯ ಹತ್ತಿರ ಇಡೋಣವೆಂದರೆ ಅಂಗಳದ ಒಲೆಯಲ್ಲಿ ನೀರು ನಿಂತಿತ್ತು. ಕಟ್ಟಿಗೆ, ಕುಳ್ಳು ಎಲ್ಲ ನೆನೆದಿದ್ದವು. ಹಾರಿಕಾಳ ತಾಯಿ ಕೋಸಗಿಯ ತವರಿಗೆ ಹೋಗಿದ್ದರಿಂದ ಗ್ಯಾಸ್ ಮುಗಿದದ್ದು ಯಾರಿಗೂ ಗೊತ್ತಾಗಿರಲಿಲ್ಲ. ಭೀಮಲಿಂಗಪ್ಪ ಗೋಣಿತಾಟಿನಿಂದ ಮರಿಯನ್ನು ತಿಕ್ಕಿದ, ತಿಕ್ಕಿದ. ಮರಿ ಕಣ್ಣು ಬಿಡಲಿಲ್ಲ.

ಬಸವಕ್ಕ ತಟ್ಟನೆ ತಲೆ ಎತ್ತಿ, "ಹಾರಿಕಾ, ಆ ಜ್ವರದ ಪೆಟ್ಟಿಗಿ ತಾ" ಅಂದಳು.

ಹಾರಿಕಾ ಓಡಿಹೋಗಿ ತಂದಳು. ಮಣೆಯ ಮೇಲಿಟ್ಟು ಆನ್ ಮಾಡಿದಳು. ಬಲಗಡೆಯ ಕಿಂಡಿಗೆ ಎದುರಾಗಿ ಮರಿಯನ್ನು ಮಲಗಿಸಿ, ಈ ಸಲ ಲ್ಯಾಪ್‌ಟಾಪನ್ನು ಬಿಟ್ಟು ಮರಿಯ ಮೇಲಷ್ಟೇ ಕಂಬಳಿಯನ್ನು ಗುಡಾರದ ಹಾಗೆ ಕಟ್ಟಿದರು. ಬಸವಕ್ಕ ಒಳಗೆ ಕೈಯಿಟ್ಟು, "ಯಾಕ ತಣ್ಣಗ ಐತಿ?" ಎಂದು ಕೇಳಿದಳು.

"ಸುಮ್ನ ಇಟ್ರ ಬಿಸಿ ಆಗಂಗಿಲ್ಲ ಅಜ್ಜಿ" ಎಂದು ಹಾರಿಕಾ ತಡವರಿಸಿದಳು. "ಆಟ ಆಡ್ಬೇಕು."

ಭೀಮಲಿಂಗಪ್ಪ ಮಗಳನ್ನು ನೋಡಿದ. ಮಗಳು ನೆಲ ನೋಡಿದಳು.

"ಮತ್ತ ಆಡು" ಅಂದಳು ಬಸವಕ್ಕ. "ಯಾರ ಮಕ ನೋಡ್ತಿ?"

ಅಬ್ಬಾ, ಹುಟ್ಟಿದಾಗಿನಿಂದ ಆ ಮನೆಯಲ್ಲಿ ಯಾರೂ ಯಾರಿಗೂ ಆಡಿರದ ಮಾತು ಅದು. ಹಾರಿಕಾ ಲಾರಿ ಹತ್ತಿದಳು. ಯಂತ್ರಕ್ಕೆ ಹೆಚ್ಚು ಭಾರ ಬಿದ್ದಷ್ಟೂ ಹೆಚ್ಚು ಬಿಸಿಯೆಂದು ಅವಳಿಗೆ ಗೊತ್ತು. ಆಟದೊಳಗಿನ ಮಳೆ ಹೆಚ್ಚಿಸಿದಳು, ಮಂಜು ಹೆಚ್ಚಿಸಿದಳು, ಒಂದೊಂದು ಎಲೆಗೂ ನೆರಳು ಬೀಳುವಂತೆ ಮಾಡಿದಳು. ಫ್ಯಾನು ಭೋರ್ ಎಂದಿತು. ಕಿಂಡಿಯಿಂದ ಬಿಸಿಗಾಳಿ ನುಗ್ಗಿತು.

"ಬಂತು, ಬಂತು" ಎಂದು ಬಸವಕ್ಕ ಕಂಬಳಿ ಸರಿಮಾಡಿದಳು.

ಭೀಮಲಿಂಗಪ್ಪ ಸ್ವಲ್ಪ ಹೊತ್ತು ಮರಿ ನೋಡಿದ. ಆಮೇಲೆ ಕಣ್ಣು ಮೆಲ್ಲಗೆ ಸ್ಕ್ರೀನಿನ ಕಡೆ ಸರಿಯಿತು. "ಅದೇನು ಎತ್ತಿನ ಬಂಡಿ ಹೊಡದಂಗ ಹೊಡೀತಿ? ಮುಂದಿನ ಲಾರಿ ಹಿಂದ ಹಾಕು" ಅಂದ. ಹಾರಿಕಾಗೆ ನಗು ಉಕ್ಕಿ ಬಂತು, ಮರಿಯ ನೆನಪಾಗಿ ತುಟಿ ಕಚ್ಚಿಕೊಂಡಳು.

ಮರಿಯ ಕಿವಿ ಒಮ್ಮೆ ಅಲುಗಿತು. ಅದೇ ಹೊತ್ತಿಗೆ ಸ್ಕ್ರೀನಿನ ಮೂಲೆಯಲ್ಲಿ ಬ್ಯಾಟರಿಯ ಗುರುತು ಕೆಂಪಾಯಿತು.

"ಅಪ್ಪಾ, ಚಾರ್ಜ್ ಮುಗೀತೈತಿ."

ಊರೊಳಗೆ ಕಾಲಿಟ್ಟರೆ ಮೊದಲು ಸಿಗುವುದು ಅಂಜಿನಪ್ಪನ ಜೆರಾಕ್ಸ್ ಅಂಗಡಿ. ಅಲ್ಲಿ ಇನ್ವರ್ಟರ್ ಇತ್ತು. ಆ ಮೆರವಣಿಗೆಯನ್ನು ಕಂಡವರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಕಂಬಳಿಯಲ್ಲಿ ಮರಿ ಸುತ್ತಿಕೊಂಡು ಭೀಮಲಿಂಗಪ್ಪ ಮುಂದೆ, ಬಿಸಿ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು, ಚಾರ್ಜರಿನ ವೈರನ್ನು ಕೊರಳಿಗೆ ಸುತ್ತಿಕೊಂಡ ಹಾರಿಕಾ ಹಿಂದೆ. ಪಕ್ಕದಲ್ಲಿ ಬಸವಕ್ಕ, ತಾನು ತೊಪ್ಪೆಯಾಗಿ ನೆನೆಯುತ್ತ, ಕೊಡೆಯನ್ನು ಲ್ಯಾಪ್‌ಟಾಪಿನ ಮೇಲೆ ಹಿಡಿದಿದ್ದಳು.

ಅಂಜಿನಪ್ಪ ಏನು ಎತ್ತ ಎಂದು ಕೇಳುವ ಮೊದಲೇ ಪ್ಲಗ್ಗು ಸಿಕ್ಕಿಸಿದ್ದಾಯಿತು. ಚಾರ್ಜರಿಗೆ ಸೇರಿದ್ದೇ ಫ್ಯಾನಿನ ಸದ್ದು ಎರಡರಷ್ಟಾಯಿತು. ಮಳೆಗೆ ಅಂಗಡಿಯ ಸೂರಿನಡಿ ನಿಂತವರೆಲ್ಲ ಒಳಗೆ ಬಂದು ಹಾರಿಕಾಳ ಹೆಗಲ ಮೇಲಿಂದ ಬಗ್ಗಿದರು. "ಎಡಮ ಪಕ್ಕ, ಎಡಮ ಪಕ್ಕ" ಎಂದು ಒಬ್ಬ ತೆಲುಗಿನಲ್ಲಿ ಎಡಕ್ಕೆ ತಿರುಗಿಸಲು ಹೇಳಿದರೆ, ಇನ್ನೊಬ್ಬ "ಗೇರ್ ಇಳಿಸವ್ವಾ" ಅಂದ.

"ಇಷ್ಟೆಲ್ಲ ಯಾಕ, ಯಾರದಾರ ಮನಿ ಒಲಿ ಮುಂದ ಇಟ್ರ ಆಗಂಗಿಲ್ಲೇನು?" ಎಂದು ಅಂಜಿನಪ್ಪ ಕೇಳಿದ.

ಬಸವಕ್ಕ ಅವನನ್ನು ತಿನ್ನುವಂತೆ ನೋಡಿದಳು. "ಹೊಗಿ ಕುಡಿಸಿ ಕೊಲ್ಲೂಣೇನು? ಇದರಾಗ ಹೊಗಿ ಇಲ್ಲ, ಬೂದಿ ಇಲ್ಲ, ಕಿಡಿ ಹಾರಂಗಿಲ್ಲ. ಒಳ್ಳೇ ಕಂಪನಿ ಮಾಲು. ನನ್ನ ಮೊಮ್ಮಗಳು ನೋಡಿ ತಂದಾಳ." ವಾಗೀಶನೂ ಇಷ್ಟು ಚೆನ್ನಾಗಿ ಮಾರಿರಲಾರ.

ಅಷ್ಟರಲ್ಲಿ ಒಂದು ತಿರುವಿನಲ್ಲಿ ಲಾರಿ ಜಾರಿ ಕಣಿವೆಗೆ ಉರುಳಿತು. ಅಂಗಡಿ ತುಂಬ ಜನ ಅಯ್ಯಯ್ಯೋ ಎಂದರು. "ಬಿದ್ರ ಬೀಳಲಿ, ಬಿಸಿ ನಿಂದ್ರಿಸಬ್ಯಾಡ" ಎಂದು ಕಂಬಳಿಯ ಕಡೆಯಿಂದ ಅಪ್ಪಣೆಯಾಯಿತು. ಹಾರಿಕಾ ಮತ್ತೊಂದು ಲಾರಿ ತಂದಳು. ಅದೂ ಬಿತ್ತು. ಅವಳ ಕಣ್ಣು ಸ್ಕ್ರೀನಿಗಿಂತ ಅಜ್ಜಿಯ ಬೆರಳಿನ ಮೇಲಿತ್ತು. ದೇವರೇ, ಲ್ಯಾಪ್‌ಟಾಪ್ ವಾಪಸ್ ಹೋದರೆ ಹೋಗಲಿ, ಮರಿ ಉಳಿಯಲಿ ಎಂದು ಅವಳು ನಿಜವಾಗಿಯೂ ಬೇಡಿಕೊಂಡಳು. ಬೇಡಿದ ಮೇಲೆ, ಎರಡೂ ಉಳಿದರೆ ಇನ್ನೂ ಒಳ್ಳೆಯದು ಎಂದು ಸೇರಿಸಿದಳು.

"ಚೀಪ್ತು" ಅಂದಳು ಬಸವಕ್ಕ.

ಅಜ್ಜಿಯ ಬೆರಳನ್ನು ಮರಿ ಪುಟ್ಟ ಬಾಯಿಂದ ಎಳೆಯುತ್ತಿತ್ತು. ಒಂದಿಷ್ಟು ಹೊತ್ತಿಗೆ ಕಂಬಳಿಯಿಂದ ತೂರಾಡುತ್ತ ಎದ್ದುಬಂದು, ಮುಂಗಾಲೊಂದನ್ನು ಕೀಬೋರ್ಡಿನ ಮೇಲಿಟ್ಟಿತು. ಲಾರಿಯ ಹಾರ್ನ್ ಪೋಂ ಎಂದು ಬಡಿದುಕೊಂಡಿತು. ಮರಿ ಬೆಚ್ಚಿ ಕುಂಡೆಯೂರಿ ಕೂತಿತು. ಅಂಗಡಿಯ ಸೂರು ಹಾರಿಹೋಗುವಂತೆ ಜನ ನಕ್ಕರು. ಹಾರಿಕಾ ನಕ್ಕೂ ನಕ್ಕೂ ಅತ್ತಳು, ಅತ್ತದ್ದು ಯಾವುದಕ್ಕೆಂದು ಅವಳಿಗೂ ತಿಳಿಯಲಿಲ್ಲ.

ಶನಿವಾರ ಬಿಸಿಲು ಬಿತ್ತು, ಕರೆಂಟೂ ಬಂತು. ಭೀಮಲಿಂಗಪ್ಪ ಬೆಳಿಗ್ಗೆಯೇ ಸ್ಟೂಲು ಹತ್ತಿ ಅಟ್ಟದಿಂದ ಡಬ್ಬಿ ಇಳಿಸಿದ. ಅಪ್ಪ ಮಾತಿಗೆ ತಪ್ಪುವವನಲ್ಲ, ಒಂದು ದಿನದ ಬಿಸಿಯನ್ನು ಅವನು ಕೆಲಸವೆಂದು ಲೆಕ್ಕಕ್ಕೆ ಹಿಡಿಯಲಿಲ್ಲ ಎಂದುಕೊಂಡಳು ಹಾರಿಕಾ. ಚಾರ್ಜರಿನ ವೈರು ಸುತ್ತಿದಳು, ಒದ್ದೆ ಬಟ್ಟೆಯಿಂದ ಲ್ಯಾಪ್‌ಟಾಪಿನ ಬೆನ್ನ ಮೇಲಿನ ಭಂಡಾರ ಒರೆಸತೊಡಗಿದಳು. ಅರಿಸಿನ ಹೋಗಲಿಲ್ಲ.

ಭೀಮಲಿಂಗಪ್ಪ ಥರ್ಮಾಕೋಲನ್ನು ಎತ್ತಿ ಅಂಗಳಕ್ಕೆ ಎಸೆದ. ಡಬ್ಬಿಯ ಮುಚ್ಚಳವನ್ನು ಪರ್ರನೆ ಹರಿದ. ಒಳಗೆ ಗೋಣಿತಾಟು ಹಾಸಿದ, ಅದರ ಮೇಲೆ ಕಂಬಳಿಯ ತುಂಡು ಹಾಸಿದ. ಆಮೇಲೆ ಹಟ್ಟಿಗೆ ಹೋಗಿ ಆ ಮರಿಯನ್ನು ತಂದು ಒಳಗೆ ಮಲಗಿಸಿದ. ಅಳತೆ ಹೇಳಿ ಮಾಡಿಸಿದಂತಿತ್ತು.

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಆ ಕಡೆ ವಾಗೀಶ್. ವಾರದ ಮೊದಲಲ್ಲೇ ಭೀಮಲಿಂಗಪ್ಪ ಫೋನ್ ಮಾಡಿ, ಶನಿವಾರ ವಾಪಸ್ ತಂದರೂ ತಂದೇವೆಂದು ಅವನಿಗೆ ನೆನಪಿಸಿದ್ದನಂತೆ. "ಯಜಮಾನ್ರ, ಇವತ್ತ ತರ್ತೀರೇನು?" ಎಂದು ಕೇಳಿದ.

ಭೀಮಲಿಂಗಪ್ಪ ಮಗಳ ಕಡೆ ನೋಡಲಿಲ್ಲ. ಮರಿಯ ಕಡೆ ನೋಡುತ್ತ, "ಆಗಂಗಿಲ್ಲ ಬಿಡ್ರಿ. ಡಬ್ಬಿ ಖಾಲಿ ಇಲ್ಲ" ಅಂದ.

ಹಾರಿಕಾ ಒದ್ದೆ ಬಟ್ಟೆ ಕೆಳಗಿಟ್ಟು ಫೋನು ಎತ್ತಿಕೊಂಡಳು. ಬಾಕಿ ಉಳಿದಿದ್ದ ಅನಿಸಿಕೆಯನ್ನು ಕೂತಲ್ಲೇ ಬರೆದು ಕಳಿಸಿದಳು: ಬ್ಯಾಟರಿ ಸಾಲದು. ಕೀಬೋರ್ಡ್ ಭಂಡಾರ ತಡೆಯುವುದಿಲ್ಲ. ಬಿಸಿ ಬಹಳ ಚೆನ್ನಾಗಿ ಬರುತ್ತದೆ. ಐದು ನಕ್ಷತ್ರ.