ವಂತಿಗೆಯಲ್ಲ, ಖಂಡಣಿ

ಉಗಾರ ಬುದ್ರುಕಕ್ಕೆ ಬಂದ ಮರುದಿನ ನನ್ನ ಅನುವಾದದ ಮೊದಲ ಅಧ್ಯಾಯವನ್ನು ಎಮ್ಮೆ ತಿಂದಿತು. ತಾನಾಗಿ ತಿನ್ನಲಿಲ್ಲ, ತಿನ್ನಿಸಿದರು. ಅಂಗಳದ ಕುರ್ಚಿಯಲ್ಲಿ ಕೂತು ನಾನು ಓದುವುದನ್ನು ಕೇಳುತ್ತಿದ್ದ ಬಾಯಾರು ಒಮ್ಮೆಲೇ ಹಾಳೆಗಳನ್ನು ಕಿತ್ತುಕೊಂಡು, ಎದ್ದು ಹೋಗಿ, ಗೋದಲಿಯಲ್ಲಿದ್ದ ಮೇವಿನ ಮೇಲೆ ಹರವಿದರು.

"ವಂತಿಗಿ ಅಂತ ಬರದೀಯಲ್ಲ, ವಂತಿಗಿ ಅಂದ್ರ ಏನ ಬೇ? ಗಣಪತಿ ಕೂಡಿಸಾಕ ಹುಡುಗ್ರು ಮನಿಮನಿಗೆ ಕೇಳ್ತಾರಲ್ಲ, ಅದು. ಸಿಪಾಯಿ ಪಂಜ ಹಿಡಕೊಂಡ ಊರ ಮುಂದ ನಿಂತು, ರೊಕ್ಕ ಕೊಡ್ರಿ, ಇಲ್ಲಾಂದ್ರ ಸುಡ್ತೀವಿ ಅಂದ್ರ ಅದು ವಂತಿಗ್ಯಾ?"

"ಕಾಂಟ್ರಿಬ್ಯೂಷನ್ ಎಂಬ ಇಂಗ್ಲಿಷ್ ಶಬ್ದಕ್ಕೆ ನಿಘಂಟಿನಲ್ಲಿ ಅದೇ ಅರ್ಥ ಇದೆ" ಎಂದೆ.

"ಹಂಗಾರ ನಿಘಂಟೂ ಎಮ್ಮಿಗೆ ಹಾಕು. ಖಂಡಣಿ ಅಂತ ಬರಿ."

ಹೆದರಿಸಿ ಹಿಂಡುವ ಹಣಕ್ಕೆ ಈ ಕಡೆಯವರು ಮರಾಠಿಯಲ್ಲೂ ಕನ್ನಡದಲ್ಲೂ ಹಾಗೆನ್ನುತ್ತಾರೆ. ಕುಂದಾಪುರದ ಹತ್ತಿರದ ನನ್ನೂರಿನಲ್ಲಿ ಆ ಮಾತನ್ನು ಕೇಳಿದ ನೆನಪಿಲ್ಲ.

ಬಾಯಾರು ಎಂದರೆ ಇತಿಹಾಸಕಾರ್ತಿ ಸುಮಿತ್ರಾಬಾಯಿ. ಕಬ್ಬು, ದ್ರಾಕ್ಷಿಯ ಹೊಲಗಳಿದ್ದ ಹಳೆಯ ಗೌಡರ ಮನೆತನದ ಮಗಳು. ಓದಲು ಯುರೋಪಿಗೆ ಹೋಗಿ ಅಲ್ಲೇ ಪಾಠ ಮಾಡಿಕೊಂಡು ಉಳಿದವರು. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಅಲ್ಲಿನ ರಾಜರು ಹೇಗೆ ಕಾದಾಡಿದರು, ಅದೇ ತೋಪುಗಳು ಹಡಗು ಹತ್ತಿ ಹೇಗೆ ಸಾಮ್ರಾಜ್ಯ ಕಟ್ಟಿದವು ಎಂಬುದರ ಮೇಲೆ ಅವರ ಪುಸ್ತಕಗಳಿವೆ. ಎಲ್ಲವೂ ಇಂಗ್ಲಿಷಿನಲ್ಲಿ. ಕಣ್ಣು ಮಂಜಾದ ಮೇಲೆ ಊರಿಗೆ ಮರಳಿ ಅಣ್ಣನ ಮಗನ ಮನೆ ಸೇರಿದ ಅವರಿಗೆ, ಅವು ಕನ್ನಡದಲ್ಲಿ ಬರಬೇಕು ಎಂಬ ಹಟ ಹುಟ್ಟಿತು. ಪರಿಚಿತರೊಬ್ಬರು ನನ್ನ ಹೆಸರು ಹೇಳಿದರು. ಆಗಷ್ಟೇ ನನ್ನ ಮದುವೆ ಮುರಿದಿತ್ತು. ಊರವರ ಕರುಣೆ ಸಾಕಾಗಿ ಹೈಸ್ಕೂಲಿನ ಕೆಲಸ ಬಿಟ್ಟೆ. ಕರುಣೆಯಿಲ್ಲದ ಊರೊಂದು ಬೇಕಿತ್ತು, ಸಿಕ್ಕಿತು.

ನಮ್ಮಲ್ಲಿ ಮನೆಯಿಂದ ಹೊರಬಿದ್ದರೆ ಎಲ್ಲೋ ಒಂದು ಕಡೆ ಸಮುದ್ರ ಕಾಣುತ್ತದೆ, ಉಸಿರಾಡಬಹುದು. ಇಲ್ಲಿ ಕಣ್ಣೆತ್ತಿದರೆ ಕಬ್ಬು. ಆಳೆತ್ತರ ಬೆಳೆದಾಗ ದಾರಿಯ ಎರಡೂ ಬದಿ ಗೋಡೆ ಕಟ್ಟಿದಂತೆ ನಿಂತು ಗಾಳಿಯನ್ನೂ ತಡೆಯುತ್ತದೆ. ಊಟಕ್ಕೆ ಕೂತಾಗ ಮನೆಯೊಡತಿ, "ಹಿಂಡಿ ಹಾಕ್ಲೇನ್ರಿ?" ಎಂದಾಗ ಅವಮಾನದಿಂದ ಮುಖ ಬಿಸಿಯಾಯಿತು. ನಮ್ಮಲ್ಲಿ ಹಿಂಡಿ ದನಕ್ಕೆ. ಇಲ್ಲಿ ಅದು ಶೇಂಗಾ ಚಟ್ನಿ. ತಿಂದೆ, ಕಣ್ಣಲ್ಲಿ ನೀರು ಬಂತು. ಆಕೆಯೂ ನನ್ನ ತಲೆಯ ತೆಂಗಿನೆಣ್ಣೆಯ ವಾಸನೆಗೆ ಸೆರಗು ಮೂಗಿಗೆ ಒತ್ತಿಕೊಳ್ಳುತ್ತಿದ್ದಳು. ಮನೆಯಲ್ಲಿ ಮೀನಿನ ಮಾತೂ ಆಡುವಂತಿರಲಿಲ್ಲ.

ಆ ಮನೆಯ ಯಜಮಾನ ಅಪ್ಪಾಸಾಬ, ಬಾಯಾರ ಅಣ್ಣನ ಮಗ. ನನಗೆ ಮಹಡಿಯ ಕೋಣೆ ಕೊಟ್ಟವರು ಅವರೇ. ಎದುರಾದಾಗಲೆಲ್ಲ "ಯಾವಾಗ ಮುಗಿತೈತ್ರಿ ಮೇಡಂ ನಿಮ್ಮ ಕೆಲಸ?" ಎಂದು ಕೇಳುತ್ತಿದ್ದರು. ಯಾವಾಗ ಹೋಗ್ತೀರಿ ಎಂದು ನನಗೆ ಕೇಳಿಸುತ್ತಿತ್ತು.

ಬೇಸಿಗೆ ಕಳೆದು ಕೊನೆಯ ಪುಸ್ತಕಕ್ಕೆ ಬಂದೆವು. ಅದರಲ್ಲೊಂದು ಅಧ್ಯಾಯ ಕೃಷ್ಣೆಯ ದಂಡೆಯದು. ಹೊರಗಿನ ವ್ಯಾಪಾರಿಗಳಾಗಲಿ, ದಂಡುಗಳಾಗಲಿ ಇಲ್ಲಿನ ಗೌಡರು, ದೇಸಾಯರು ಎತ್ತು, ಕಾಳು, ಮೇವು ಒದಗಿಸದೆ ಒಂದು ಹೆಜ್ಜೆಯೂ ಮುಂದೆ ಇಡಲಾಗುತ್ತಿರಲಿಲ್ಲ, ಒದಗಿಸಿದವರು ದಪ್ಪಗಾದರು, ಸುಟ್ಟದ್ದು ಬಡವರ ಮನೆ ಎಂದು ಬಾಯಾರು ಅದರಲ್ಲಿ ಬರೆದಿದ್ದರು. ಯಾವ ಮನೆತನದ ಹೆಸರೂ ಇರಲಿಲ್ಲ. ಆದರೂ ಅಪ್ಪಾಸಾಬರ ಕಿವಿಗೆ ಬಿತ್ತು. ಒಂದು ಸಂಜೆ ಮೆಟ್ಟಿಲ ಬಳಿ ತಡೆದು, ಮೊದಲ ಸಲ ನಕ್ಕರು.

"ಮೇಡಂರಿ, ಆ ಗೌಡರದೊಂದು ಬಿಟ್ಟ ಬಿಡ್ರಿ."

"ಇಂಗ್ಲಿಷಿನಲ್ಲಿ ಆಗಲೇ ಬಂದಿದೆಯಲ್ಲ?"

"ಇಂಗ್ಲಿಷ್‌ನ್ಯಾಗ ಇರ್ಲಿ, ಯಾರ ಓದ್ತಾರ? ಕನ್ನಡದಾಗ ಬಂದ್ರ ಊರಮಂದಿ ಓದ್ತಾರ. ನಮ್ಮ ಹಿರ್ಯಾರು ಕತ್ತಿ ಹಿಡದಾವ್ರು ಅಂತ ನಾವ ಹೇಳ್ಕೋತ ಬಂದೀವಿ. ಅತ್ತೀ ಕಣ್ಣ ಸರಿ ಕಾಣೂದಿಲ್ಲ, ನೀವ ಓದಿದ್ದಷ್ಟ ಆಕಿಗೆ ಗೊತ್ತಾಗೂದು." ಸ್ವಲ್ಪ ತಡೆದು ಸೇರಿಸಿದರು: "ಹಿತ್ತಲದಾಗ ಪತ್ರಾಸಿನ ಖೋಲಿ ಐತಿ. ನಿಮಗ ಮೀನಾ ಬೇಕಂದ್ರ ಅಲ್ಲಿ ಮಾಡ್ಕೋರಿ. ಯಾರೂ ಏನೂ ಅನ್ನಾಂಗಿಲ್ಲ."

ಆ ತಗಡಿನ ಕೋಣೆಯಲ್ಲಿ ಮೀನು ಬೇಯುವುದನ್ನು ನೆನೆದು ಬಾಯಲ್ಲಿ ನೀರೂರಿತು, ಸುಳ್ಳೇಕೆ. ಬಾಯಾರ ಮೇಲೆ ನನಗೆ ಪ್ರೀತಿಯೇನೂ ಇರಲಿಲ್ಲ. ನನ್ನ ಒಂದೊಂದು ವಾಕ್ಯವನ್ನೂ ಉಗಿದು ಎಸೆದವರು ಅವರು. ಆದರೆ ಹಾಗೆ ಉಗಿಸಿಕೊಂಡೇ ಅದು ನನ್ನ ಪುಸ್ತಕವೂ ಆಗಿಬಿಟ್ಟಿತ್ತು. ಮರುದಿನ ಬೆಳಗ್ಗೆ ಅಪ್ಪಾಸಾಬರು ಚಹಾ ಕುಡಿಯುತ್ತಿದ್ದಾಗಲೇ, ಅಂಗಳದಲ್ಲಿ ಗಟ್ಟಿಯಾಗಿ ಇಡೀ ಅಧ್ಯಾಯ ಓದಿದೆ. ಅವರು ಕಪ್ಪು ಕೆಳಗಿಟ್ಟು ಎದ್ದುಹೋದರು.

ಬಾಯಾರು ಒಂದು ತಪ್ಪನ್ನೂ ಹಿಡಿಯಲಿಲ್ಲ. "ತಗದ ಬಿಡು ಇದನ್ನ" ಎಂದರು.

ನನಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎನಿಸಿತು. "ಯಾಕೆ?"

"ಅಲ್ಲಿ ಕುಂತ ಬರದಿದ್ದೆ. ಈಗ ಇವನ ಮನ್ಯಾಗ ಉಣ್ಣಾಕತ್ತೀನಿ. ಇಲ್ಲೇ ಸಾಯಬೇಕಾಗೇತಿ ನಂಗ."

ತಿಂಗಳುಗಳಿಂದ ನುಂಗಿದ್ದೆಲ್ಲ ಹೊರಬಂತು. "ಇಷ್ಟು ಹೆದರಿಕೆ ಇದ್ದರೆ ಜರ್ಮನಿಯ ಗೌಡರ ಮೇಲೆ ಮಾತ್ರ ಬರೆಯಬೇಕಿತ್ತು. ಅವರು ಯಾರೂ ನಿಮ್ಮ ತಟ್ಟೆ ಕಿತ್ತುಕೊಳ್ಳುವುದಿಲ್ಲ. ಕತ್ತರಿಸಿದ ಪುಸ್ತಕಕ್ಕೆ ನನ್ನ ಹೆಸರು ಬೇಡ."

"ನಡಿ" ಎಂದರು ಬಾಯಾರು. ಕುರ್ಚಿಯಿಂದ ಎದ್ದುನಿಂತರು. "ನಡಿ, ಮನಿ ಬಿಟ್ಟ ನಡಿ."

ಮಧ್ಯಾಹ್ನದೊಳಗೆ ನನ್ನ ಟ್ರಂಕು ಅಂಗಳದಲ್ಲಿತ್ತು. ಅಪ್ಪಾಸಾಬರೇ ಅದನ್ನು ಟೆಂಪೋಗೆ ಏರಿಸಿದರು.

ಸೋತು ಕುಂದಾಪುರಕ್ಕೆ ಹೋಗಲು ಮನಸ್ಸಾಗಲಿಲ್ಲ. ನಿಪ್ಪಾಣಿಯ ಟ್ಯೂಷನ್ ಕ್ಲಾಸೊಂದರಲ್ಲಿ ಇಂಗ್ಲಿಷ್ ಹೇಳಿಕೊಡುವ ಕೆಲಸ ಹಿಡಿದೆ. ಆ ಊರೂ ನನ್ನನ್ನು ಅಪ್ಪಿಕೊಳ್ಳಲಿಲ್ಲ. ಕೋಣೆ ಕೇಳಿದ ಕಡೆಯೆಲ್ಲ "ಏಕಟೀಚ್ ಕಾ?" ಎಂಬ ಪ್ರಶ್ನೆ. ಒಬ್ಬಳೇನಾ ಎಂದರ್ಥ. ಹೌದೆಂದೊಡನೆ ಬಾಗಿಲು ಮುಚ್ಚುತ್ತಿತ್ತು. ಕೊನೆಗೆ ಬೀಡಿ ಕಟ್ಟುವ ಶಾಂತಾಬಾಯಿ ತನ್ನ ಹಿಂದಿನ ಕೋಣೆ ಕೊಟ್ಟಳು. ತಂಬಾಕಿನ ಘಾಟಿಗೆ ನಾನು ಕೆಮ್ಮಿದರೆ, ಇಷ್ಟಕ್ಕೇ ಹೀಗಾ ಎಂದು ಮರಾಠಿಯಲ್ಲಿ ಬೈಯುತ್ತಿದ್ದಳು. ನಾನು ಒಣಮೀನು ಸುಟ್ಟಾಗ ಮಾತ್ರ ತಟ್ಟೆ ಹಿಡಿದು ತಾನೇ ಬಂದಳು.

ದೀಪಾವಳಿ ಕಳೆದ ಮೇಲೆ ಒಂದು ದಿನ ಓಣಿಯಲ್ಲಿ ಯಾರೋ ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಬಾಯಾರು! ಬಸ್ಸು ಹತ್ತಿ, ಕೇಳಿಕೊಂಡು, ಗೋಡೆ ಹಿಡಿದು ಬಂದಿದ್ದರು. ಕ್ಷಮಿಸು ಎನ್ನಲಿಲ್ಲ, ಹೇಗಿದ್ದೀಯ ಎಂದೂ ಕೇಳಲಿಲ್ಲ, ಚೀಲದಿಂದ ನನ್ನ ಹಾಳೆಗಳ ಕಟ್ಟು ತೆಗೆದು ಮುಂದೆ ಹಿಡಿದರು.

"ಆ ಅಧ್ಯಾಯ ಇನ್ನೊಮ್ಮೆ ಓದ ಬೇ."

"ಅಪ್ಪಾಸಾಬರು?"

"ಹೇಳೇ ಬಂದೀನಿ. ಮಾತ ಬಿಟ್ಟಾನ. ಬಿಡ್ಲಿ. ನಾ ವಿಮಾನ ಹತ್ತಿದಾಗ ನಮ್ಮಪ್ಪನೂ ಬಿಟ್ಟಿದ್ದ." ನೀರು ಕುಡಿದು ಲೋಟ ಕೆಳಗಿಟ್ಟರು. "ನೀ ಹೋದ ಮ್ಯಾಲ ಅದನ್ನ ಬಿಟ್ಟು ಉಳದದ್ದನ್ನ ಓದಿಸಿ ಕೇಳಿದೆ. ಅದಿಲ್ಲದ ಪುಸ್ತಕ ನಂದಲ್ಲ."

ಓದಿದೆ. ಎರಡನೆಯ ವಾಕ್ಯಕ್ಕೇ "ತಪ್ಪು" ಎಂದರು. ನನಗೆ ಅಳು ಬಂತು, ಅವರಿಗೆ ಕಾಣಲಿಲ್ಲ.

ಪುಸ್ತಕ ಇಡಿಯಾಗಿಯೇ ಬಂತು. ಬಾಯಾರು ಈಗಲೂ ಅದೇ ಮನೆಯಲ್ಲಿದ್ದಾರೆ, ಊಟದ ತಾಟು ಮಾತ್ರ ಬೇರೆ ಕೋಣೆಗೆ ಬರುತ್ತದೆ. ಅವರಿಗೆ ಯಾರೂ ಎದುರಿಗೆ ಏನೂ ಅನ್ನಲಿಲ್ಲ. ಅನ್ನಿಸಿಕೊಂಡವಳು ನಾನು. ಪುಸ್ತಕದ ಬಗ್ಗೆ ರಾಯಬಾಗದಲ್ಲಿ ನಡೆದ ಸಭೆಯಲ್ಲಿ ಒಬ್ಬರು ಎದ್ದು ನಿಂತು, ಎಲ್ಲಿಂದಲೋ ಬಂದವಳು ನಮ್ಮ ಹಿರಿಯರ ಮಾನ ಕಳೆದಳು ಎಂದರು. ಚಪ್ಪಾಳೆಯೂ ಬಿತ್ತು. ಬರೆದದ್ದು ಈ ಮಣ್ಣಿನ ಮಗಳೇ ಎಂದು ನಾನೆಂದದ್ದು ಆ ಸದ್ದಿನಲ್ಲಿ ಕೇಳಿಸಲಿಲ್ಲ.

ಕಳೆದ ವಾರ ನಿಪ್ಪಾಣಿಯ ಸಂತೆಯಲ್ಲಿ ಅಪ್ಪಾಸಾಬರು ಎದುರಾದರು.

"ನಾಚಿಕಿ ಬರೂದಿಲ್ಲೇನ್ರಿ ನಿಮಗ?"

"ಮದ್ಲ ಓದೀರೇನ್ರಿ? ಓದಿ ಬೈರಿ. ನಾ ಇಲ್ಲೇ ಇರ್ತೀನಿ, ಎಲ್ಲೂ ಓಡಿ ಹೋಗೂದಿಲ್ಲ." ನನ್ನ ಬಾಯಿಂದ ಬಂದ ಈ ಕಡೆಯ ಮಾತಿಗೆ ನಾನೇ ಬೆಚ್ಚಿದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಏ ಹೋಗ ಬೇ, ಭಾಳ ಶಾಣ್ಯಾಕಿ!" ಎಂದು ಚೀಲ ಎತ್ತಿಕೊಂಡು ನಡೆದರು.

ಅವರ ಮನೆಯಲ್ಲಿದ್ದಷ್ಟು ದಿನ ನಾನು "ಮೇಡಂರಿ" ಆಗಿದ್ದೆ. ಬಾಗಿಲ ಹೊರಗೆ ಕುರ್ಚಿ ಹಾಕಿ ಕೂರಿಸುವಂಥ ಮರ್ಯಾದೆ ಅದು. ಹೀಗೆ ಏಕವಚನದಲ್ಲಿ ಅವರು ಬೈಯುವುದು ತಮ್ಮ ಅಕ್ಕತಂಗಿಯರನ್ನು ಮಾತ್ರ. ಸಿಟ್ಟು ಬಂದಿತ್ತು. ಸಿಟ್ಟೊಂದೇ ಬಂದಿತ್ತು ಎನ್ನಲಾರೆ.

ಸಂಜೆ ಅಕ್ಕನಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. "ಎಂತ ಹೆಣೆ, ನಿನ್ ಭಾಷಿ ಎಲ್ಲ್ ಹೋಯ್ತ್?" ಎಂದಳು. ನಮ್ಮ ಮಾತಿನಲ್ಲೇ ಉತ್ತರ ಕೊಡಲು ಹುಡುಕಿದೆ, ತಡವಾಯಿತು. "ಊರಿಗ್ ಯಾವತ್ತ್ ಬತ್ತೆ?" ಎಂದು ಕೇಳಿದಳು. ಅಷ್ಟರಲ್ಲಿ ಹೊರಗೆ ಶಾಂತಾಬಾಯಿ ಕೊಡ ಬಡಿಯುತ್ತ, "ಪಾಣೀ ಆಲಂ!" ಎಂದು ಕೂಗಿದಳು. ನಲ್ಲಿಗೆ ನೀರು ಬಂದಿತ್ತು, ತಡ ಮಾಡಿದರೆ ನಿಂತುಹೋಗುತ್ತದೆ.

"ಬಂದೆ" ಎಂದು ಗಟ್ಟಿಯಾಗಿ ಹೇಳಿದೆ.

ಅಕ್ಕ ಅದನ್ನು ತನಗೆಂದು ತಿಳಿದು ಖುಷಿಪಟ್ಟಳು. ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.