ನಾರಾಯಣಿ ಎಂಬ ಮೊದಲ ಹೆಂಡತಿ

ನನ್ನ ಮುತ್ತಜ್ಜ ತೀರಿಕೊಂಡು ಎಷ್ಟೋ ಕಾಲವಾಯಿತು. ಕಳೆದ ತಿಂಗಳು ಅವರಿಗೆ ಇದ್ದಕ್ಕಿದ್ದಂತೆ ಇನ್ನೊಬ್ಬಳು ಹೆಂಡತಿ ಸಿಕ್ಕಿಬಿಟ್ಟಳು.

ಎಲ್ಲಿ ಅಂತೀರಾ? ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ. ಭಾನುವಾರ ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದೆ, ಫೋನ್ ಟಿಂಗ್ ಅಂತು. ನೋಡಿದರೆ ಒಂದು ಎಕ್ಸೆಲ್ ಶೀಟು. "ಉತ್ತಯ್ಯ. ಹೆಂಡತಿ (1) ನಾರಾಯಣಿ. ಹೆಂಡತಿ (2) ಪೊನ್ನವ್ವ."

ಹಂಚಿನ ಮೇಲಿದ್ದ ರೊಟ್ಟಿ ಕರಕಲಾಯಿತು.

ಕಳಿಸಿದವರು ಸುಬ್ಬಯ್ಯಣ್ಣ, ನನ್ನ ದೊಡ್ಡಪ್ಪನ ಮಗ. ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿ ರಿಟೈರ್ ಆದವರು. ರಿಟೈರ್ ಆದದ್ದು ಸ್ಕೂಲಿಗೆ ಮಾತ್ರ, ಮೇಷ್ಟ್ರುಗಿರಿಗಲ್ಲ. ನಮ್ಮ ಮೂಲಮನೆಯ ಅಂಗಳದ ಅಂಚಿನಲ್ಲಿ ಹಿರಿಯರಿಗೆ ನಡೆದುಕೊಳ್ಳುವ ಪುಟ್ಟ ಗುಡಿಯೊಂದಿದೆ, ಕೈಮಡ ಅನ್ನುತ್ತೇವೆ. ಅದರ ಪಕ್ಕ ವಂಶವೃಕ್ಷ ಕೆತ್ತಿದ ಗ್ರಾನೈಟ್ ಕಲ್ಲು ನಿಲ್ಲಿಸಬೇಕು ಅಂತ ಹೋದ ವರ್ಷ ಮನೆತನದ ಮೀಟಿಂಗಿನಲ್ಲಿ ತೀರ್ಮಾನವಾಯಿತು. ಹೆಸರು ಹುಡುಕುವ ಕೆಲಸ ಸುಬ್ಬಯ್ಯಣ್ಣನ ಹೆಗಲಿಗೆ ಬಿತ್ತು. (ಮನೆತನದ ಹೆಸರು ಇಲ್ಲಿ ಬರೆಯಲ್ಲ. ಬರೆದರೆ ಮಧ್ಯಾಹ್ನದೊಳಗೆ ಮೂವತ್ತು ಜನ ಫೋನ್ ಮಾಡಿ ಬೈಯುತ್ತಾರೆ.)

ಗ್ರೂಪಿನಲ್ಲಿ ಹಬ್ಬವೋ ಹಬ್ಬ. ಒಬ್ಬ ಕೈ ಮುಗಿಯುವ ಇಮೋಜಿ ಹಾಕಿದ. ಇನ್ನೊಬ್ಬಳು "ನಾರಾಯಣಿ ಮುತ್ತಜ್ಜಿಗೆ ನಮನ" ಅಂತ ಬರೆದಳು. ಅರ್ಧ ಗಂಟೆಯ ಹಿಂದೆ ಇವರ್ಯಾರಿಗೂ ನಾರಾಯಣಿ ಗೊತ್ತೇ ಇರಲಿಲ್ಲ!

ಆಮೇಲೆ ನನ್ನ ಫೋನ್ ರಿಂಗಾಯಿತು. ದೇವಕ್ಕಿ ಮಾವಿ, ನನ್ನ ಅಪ್ಪನ ಅಕ್ಕ. ಎಂಬತ್ತನಾಲ್ಕು ವರ್ಷ. ಹೆತ್ತ ತಾಯಿ ಬೇಗ ಹೋದದ್ದರಿಂದ ಮಾವಿಯನ್ನು ಸಾಕಿ ಬೆಳೆಸಿದವರು ಅಜ್ಜಿ ಪೊನ್ನವ್ವ. ಅದೇ, ಎಕ್ಸೆಲ್ ಶೀಟಿನ ಎರಡನೇ ನಂಬರ್.

"ಕಾವೇರಿ, ನನ್ನ ಅಜ್ಜಿ ಎರಡನೇ ಹೆಂಡತಿಯಂತೆ, ಹೌದಾ?"

"ಸುಬ್ಬಯ್ಯಣ್ಣನಿಗೆ ಯಾವುದೋ ರೆಕಾರ್ಡ್ ಸಿಕ್ಕಿದೆಯಂತೆ ಮಾವಿ."

"ನಿನ್ನಜ್ಜನಿಗೆ ನಾನೊಬ್ಬಳೇ ಅಂತ ಸಾಯೋವರೆಗೂ ಹೇಳ್ತಿದ್ದಳು. ಹಾಗಾದರೆ ನನಗೆ ಸುಳ್ಳು ಹೇಳಿದ್ಲಾ?"

ಮಾವಿ ಮುಂದುವರಿಸಿದರು. "ಆ ಕಲ್ಲು ನಿಂತರೆ ನಾನು ಆ ಅಂಗಳಕ್ಕೆ ಕಾಲಿಡಲ್ಲ. ಅವನಿಗೆ ಹೇಳು." ಫೋನ್ ಕಟ್.

ಹಿರಿಯರಿಗೆ ಎಡೆ ಇಡುವ ದಿನಕ್ಕೆ ಉಳಿದದ್ದು ಮೂರು ವಾರ. ಒಂದು ವರ್ಷವೂ ತಪ್ಪಿಸದೆ ಬಂದ ಮಾವಿ ಈ ಸಲ ಬರುವುದಿಲ್ಲ. ಈ ವಯಸ್ಸಿನಲ್ಲಿ ಒಂದು ವರ್ಷ ತಪ್ಪಿದರೆ ಇನ್ನೊಂದು ವರ್ಷದ ಗ್ಯಾರಂಟಿ ಯಾರು ಕೊಡುತ್ತಾರೆ?

ಸುಬ್ಬಯ್ಯಣ್ಣನಿಗೆ ಫೋನ್ ಮಾಡಿದೆ. "ರೆಕಾರ್ಡ್ ಇದೆ ಕಾವೇರಿ. ಬ್ರಿಟಿಷರ ಕಾಲದ್ದು. ಸೆಂಟಿಮೆಂಟ್ ನೋಡಿ ಹಿಸ್ಟರಿ ಬರೆಯಕ್ಕಾಗಲ್ಲ" ಅಂದರು. ನನಗೆ ಪಿತ್ತ ನೆತ್ತಿಗೇರಿತು. ಆಯಿತು, ಆ ರೆಕಾರ್ಡನ್ನು ನಾನೂ ನೋಡಿಯೇ ಬಿಡುತ್ತೇನೆ ಅಂತ ಹೊರಟೆ.

ಮೊದಲು ಮಡಿಕೇರಿ. ಮೂರು ಆಫೀಸು, ನಾಲ್ಕು ಟೇಬಲ್ಲು. ಕೊನೆಗೆ ಒಬ್ಬ ಪುಣ್ಯಾತ್ಮರು ಹಳೆಯ ಜನಗಣತಿಯ ದಪ್ಪ ಪುಸ್ತಕ ತೆಗೆದುಕೊಟ್ಟರು. ಪುಟ ತಿರುವಿದೆ. ಬರೀ ಅಂಕಿ. ಇಷ್ಟು ಗಂಡಸರು, ಇಷ್ಟು ಹೆಂಗಸರು, ಇಷ್ಟು ವಿಧವೆಯರು.

"ಹೆಸರು ಎಲ್ಲಿದೆ ಸರ್?"

"ಹೆಸರಿಲ್ಲ ಮೇಡಂ, ಟೋಟಲ್ ಮಾತ್ರ. ನಿಮ್ಮ ಮುತ್ತಜ್ಜಿ ಇದರೊಳಗೇ ಇರ್ತಾರೆ. ಯಾರು ಅಂತ ಹೇಳಕ್ಕಾಗಲ್ಲ ಅಷ್ಟೇ."

ನಗಬೇಕೋ ಅಳಬೇಕೋ? ಮನೆಮನೆಗೆ ಹೋಗಿ ಬರೆದುಕೊಂಡ ಪಟ್ಟಿಗಳನ್ನು ಲೆಕ್ಕ ಮುಗಿದ ಮೇಲೆ ಇಟ್ಟುಕೊಳ್ಳುತ್ತಿರಲಿಲ್ಲವಂತೆ. ಆದರೆ ನಮ್ಮ ಊರಿನ ಹಳೇ ಪಟೇಲರು ಒಂದು ಚೂರು ಕಾಗದವನ್ನೂ ಎಸೆಯದ ಪೈಕಿ. ನಮ್ಮ ಊರಿನ ಪಟ್ಟಿಯ ನಕಲು ಅವರ ಮರದ ಪೆಟ್ಟಿಗೆಯಲ್ಲೇ ಇತ್ತು. ಸುಬ್ಬಯ್ಯಣ್ಣನ "ರೆಕಾರ್ಡ್" ಕೂಡ ಅದೇ ಪೆಟ್ಟಿಗೆಯದು. ಪಟೇಲರ ಮೊಮ್ಮಗನ ಹೆಂಡತಿ ಅದನ್ನು ಜಗಲಿಗೇ ತಂದಿಟ್ಟರು. "ನಿಧಾನ ನೋಡಿ ಅಕ್ಕ, ಜಾಸ್ತಿ ಕೊಡವಬೇಡಿ. ಹುಳ ನಮ್ಮ ಬೀರುವಿಗೆ ಬರ್ತದೆ" ಅಂದರು.

ಪಟ್ಟಿ ಬರೆದವರು ಶಾನುಭೋಗರು. ಘಟ್ಟದ ಆಚೆಯಿಂದಲೋ ಮೈಸೂರು ಕಡೆಯಿಂದಲೋ ಬಂದವರು. ಕನ್ನಡ ಮುತ್ತಿನಂತೆ ಬರೆದಿದ್ದಾರೆ. ಆದರೆ ನಮ್ಮ ಮನೆಯೊಳಗಿನ ಮಾತು ಕೊಡವ ತಕ್ಕ್. ಅದು ಅವರಿಗೆ ಬರುತ್ತಿರಲಿಲ್ಲ ಅಂತ ಮೊದಲ ಪುಟದಲ್ಲೇ ಗೊತ್ತಾಯಿತು. ಒಂದು ಕಡೆ ನಮ್ಮ ಉತ್ತಯ್ಯನಿಗೆ ಇಪ್ಪತ್ತೆರಡು ವರ್ಷ, ಅವನ "ತಾಯಿ"ಗೆ ಎಂಬತ್ತು! ಐವತ್ತೆಂಟಕ್ಕೆ ಹೆರಿಗೆಯೇ? ಅರ್ಧ ಗಂಟೆ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು. ನಮ್ಮ ಮಾತಿನಲ್ಲಿ "ತಾಯಿ" ಅಂದರೆ ಅಜ್ಜಿ. ಮನೆಯವರು ಹೇಳಿದ್ದನ್ನು ಆ ಮಹಾರಾಯರು ಹಾಗೇ ಬರೆದುಕೊಂಡು ಹೋಗಿದ್ದಾರೆ. (ಇದನ್ನು ಕಂಡುಹಿಡಿದ ಜಂಭದಲ್ಲಿ ನಾನು ಎರಡು ಲೋಟ ಕಾಫಿ ಕುಡಿದೆ.)

ಅದೊಂದೇನಾ? ನಮ್ಮ ಮನೆಯಲ್ಲಿದ್ದ ಮೂವತ್ತೊಂದು ಜನಕ್ಕೆ ಒಬ್ಬನೇ ಯಜಮಾನ. ಮದುವೆಯಾಗಿ ಬಂದ ಹೆಂಗಸರೆಲ್ಲ ಬರೀ "ಸೊಸೆ". ಯಾರ ಹೆಂಡತಿ ಅಂತ ಕೇಳಬೇಡಿ. ಉತ್ತಯ್ಯ ಅಂತ ಹೆಸರಿನವರೇ ಮೂವರು. ಹತ್ತು ವರ್ಷದ ಮುಂದಿನ ಪಟ್ಟಿ ತೆಗೆದರೆ ಒಬ್ಬ ಉತ್ತಯ್ಯನಿಗೆ ವಯಸ್ಸು ಎರಡೇ ವರ್ಷ ಜಾಸ್ತಿಯಾಗಿದೆ. ಆದರೆ ಪೊನ್ನವ್ವನ ಹೆಸರಿನ ಮುಂದೆ ಮಾತ್ರ ಸ್ಪಷ್ಟವಾಗಿ ಬರೆದಿತ್ತು, "ಎರಡನೇ ಮಂಗಲದವಳು."

ಮಂಗಲ ಅಂದರೆ ಮದುವೆ. ಹಾಗಾದರೆ ಸುಬ್ಬಯ್ಯಣ್ಣ ಹೇಳಿದ್ದೇ ಸರಿಯಾ?

ಪೆಟ್ಟಿಗೆಯ ತಳದಲ್ಲಿ ಇನ್ನೊಂದು ಪುಸ್ತಕವಿತ್ತು. ಊರಲ್ಲಿ ಯಾರ ಮನೆಯಲ್ಲಿ ಮಂಗಲ ನಡೆದರೂ ಬರೆದಿಡುವ ಪುಸ್ತಕ. ಅದೇ ಮುತ್ತಿನ ಅಕ್ಷರ. ವರ, ವಧು, ಷರಾ ಅಂತ ಗೆರೆ ಎಳೆದು ಮೂರು ಕಾಲಂ. ಪೊನ್ನವ್ವನ ಮದುವೆಗೆ ಎರಡು ವರ್ಷ ಮೊದಲಿನ ಪುಟದಲ್ಲಿ ಹೀಗಿತ್ತು: "ವರ: ಉತ್ತಯ್ಯ. ವಧು: ನರಿ. ಷರಾ: ತಿತಿಮತಿ ಕಾಡಿನಿಂದ ತಂದದ್ದು. ನೋಡಲು ಜನಜಾತ್ರೆ."

ನಾರಾಯಣಿ ಎಲ್ಲಿ? ಅಲ್ಲಿಂದಲೇ ಸುಬ್ಬಯ್ಯಣ್ಣನಿಗೆ ಫೋನ್ ಮಾಡಿದೆ.

"ನರಿ ಅಂದರೆ ನಾರಾಯಣಿಯ ಶಾರ್ಟ್ ಫಾರ್ಮ್. ಕಲ್ಲಿನ ಮೇಲೆ ಮುತ್ತಜ್ಜಿಯನ್ನ ನರಿ ಅಂತ ಕೆತ್ತಿಸಕ್ಕಾಗ್ತದಾ? ತಿತಿಮತಿ ಕಡೆಯ ಹುಡುಗಿ. ಆಮೇಲಿನ ಪಟ್ಟಿಯಲ್ಲಿಲ್ಲ. ಜ್ವರ ಬಂದು ಹೋಗಿರಬೇಕು, ಪಾಪ."

ಊರು ಸಿಕ್ಕಿತು, ಕಾಯಿಲೆಯೂ ಸಿಕ್ಕಿತು. ಇನ್ನೆರಡು ದಿನ ಬಿಟ್ಟಿದ್ದರೆ ನಾರಾಯಣಿಗೆ ತವರಿನಲ್ಲಿ ನಾಲ್ಕು ಜನ ಅಣ್ಣಂದಿರೂ ಹುಟ್ಟುತ್ತಿದ್ದರು.

ನಾನು ಪುಟದ ಫೋಟೋ ತೆಗೆದುಕೊಂಡು ಸೋತ ಮುಖ ಹೊತ್ತು ಮಾವಿಯ ಮನೆಗೆ ಹೋದೆ. ಸುಳ್ಳು ಹೇಳುವ ಧೈರ್ಯವಿರಲಿಲ್ಲ. ಮಾವಿ ಜಗಲಿಯಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದರು. ನನ್ನ ಮುಖ ನೋಡಿದ್ದೇ "ಓದು" ಅಂದರು.

ಓದಿದೆ. "ವರ: ಉತ್ತಯ್ಯ. ವಧು: ನರಿ. ತಿತಿಮತಿ ಕಾಡಿನಿಂದ..."

"ಏನು? ಇನ್ನೊಂದು ಸಲ ಓದು."

"ನರಿ. ನಾರಾಯಣಿಗೆ ಶಾರ್ಟಾಗಿ..."

ಮಾವಿಯ ಕೈಯಿಂದ ಕಿತ್ತಳೆ ಜಾರಿತು. ನಕ್ಕರು ನೋಡಿ! ಕೆಮ್ಮು ಬಂದು, ಕಣ್ಣಲ್ಲಿ ನೀರು ಬಂದು, ನಾನು ಬೆನ್ನು ತಟ್ಟಿ, ನೀರು ಕುಡಿಸಿ... "ಅಯ್ಯೋ ಮಂಕೇ! ನರಿ ಕಣೇ, ನರಿ! ಯಾವ ಭಾಷೆಯಲ್ಲಿ ಓದ್ತಿದ್ದೀಯಾ ನೀನು?"

ಕನ್ನಡದಲ್ಲಿ ಓದುತ್ತಿದ್ದೆ. ಅದೇ ತಪ್ಪು. ಓದುಗರೇ, ಕನ್ನಡದಲ್ಲಿ ನರಿ ಅಂದರೆ ನರಿ. ನಮ್ಮ ಮಾತಿನಲ್ಲಿ ನರಿ ಅಂದರೆ ಹುಲಿ!

ಆ ಕಾಲದಲ್ಲಿ ಹುಲಿ ಹೊಡೆದವನಿಗೆ ನರಿ ಮಂಗಲ ಮಾಡುತ್ತಿದ್ದರು. ಚಪ್ಪರ ಹಾಕಿ, ಮದುಮಗನ ಹಾಗೆ ಸಿಂಗರಿಸಿ, ಬಿದಿರಿಗೆ ಕಟ್ಟಿದ ಹುಲಿಯ ಪಕ್ಕ ಕೂರಿಸಿ, ಊರಿನವರೆಲ್ಲ ಅಕ್ಕಿ ಹಾಕಿ, ಹಾಲು ಕುಡಿಸಿ ಹರಸುತ್ತಿದ್ದರು. ನಮ್ಮಲ್ಲಿ ಕಿವಿ ಚುಚ್ಚಿದರೂ ಮಂಗಲ, ಹೊಸ ಮನೆ ಕಟ್ಟಿದರೂ ಮಂಗಲ. ಶಾನುಭೋಗರಿಗೆ ಮಂಗಲ ಅಂದರೆ ಮದುವೆ ಮಾತ್ರ. ಮದುವೆ ಅಂದ ಮೇಲೆ ವಧು ಬೇಡವೇ? ಬರೆದೇಬಿಟ್ಟರು. ಎರಡು ವರ್ಷದ ಮೇಲೆ ಬಂದ ಪೊನ್ನವ್ವ ಹಾಗೆ ಎರಡನೇ ಮಂಗಲದವಳಾದಳು. ಯಾರಯ್ಯ ಈ ನರಿ ಅಂತ ಒಂದು ಮಾತು ಕೇಳಬಾರದಿತ್ತೇ?

ಅವರನ್ನೇನು ಬೈಯಲಿ? ಅವರು ಹೊರಗಿನವರು. ನಾವು? ದಿನಾ ಮನೆಯಲ್ಲಿ ಅದೇ ಭಾಷೆ ಆಡುವವರು. ಕಾಗದದ ಮೇಲೆ ಕನ್ನಡ ಅಕ್ಷರ ಕಂಡ ಕೂಡಲೇ ತಲೆಯೂ ಗೇರ್ ಬದಲಾಯಿಸಿಬಿಟ್ಟಿತು. ಒಬ್ಬ ಮೇಷ್ಟ್ರು, ಒಬ್ಬಳು ಅಂಕಣಗಾರ್ತಿ. ನಾಚಿಕೆಯಾಗಬೇಕು.

ಕಣ್ಣೊರೆಸಿಕೊಂಡು ಮಾವಿ ಹೇಳಿದರು. "ಅಜ್ಜನ ಮೇಲೆ ಸಿಟ್ಟು ಬಂದಾಗೆಲ್ಲ ಅಜ್ಜಿ ಅನ್ನೋಳು, ಆ ನರಿ ಜೊತೆಗೇ ಸಂಸಾರ ಮಾಡ್ಬೇಕಿತ್ತು ನೀನು, ನನ್ನನ್ನ ಯಾಕೆ ತಂದೆ ಅಂತ." ಆಮೇಲೆ ಬಿದ್ದ ಕಿತ್ತಳೆ ಎತ್ತಿಕೊಂಡರು. "ಸುಳ್ಳು ಹೇಳಿರಲಿಲ್ಲ ಅವಳು" ಅಂದರು. ಅಷ್ಟು ಮೆತ್ತಗೆ ಮಾವಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಸುಬ್ಬಯ್ಯಣ್ಣನಿಗೆ ವಿಷಯ ತಿಳಿಸಿದೆ. ಜೀವನದಲ್ಲಿ ಮೊದಲ ಸಲ ಸಣ್ಣ ದನಿಯಲ್ಲಿ "ಕಲ್ಲು ಕೆತ್ತಿ ಆಗಿದೆಯಲ್ಲಾ" ಅಂದರು. ಗ್ರೂಪಿನಲ್ಲಿ ಒಬ್ಬ ಮಹಾನುಭಾವ, ನಾರಾಯಣಿಯ ಪಕ್ಕ ಬ್ರಾಕೆಟ್ಟಿನಲ್ಲಿ "ಹುಲಿ" ಅಂತ ಸೇರಿಸಿದರೆ ಸಾಕಲ್ಲ ಅಂತ ಸಲಹೆ ಕೊಟ್ಟಿದ್ದಾನೆ. ಸಾಕಾಗಿ ಹೋಯಿತು ನನಗೆ. ಹೊಸ ಕಲ್ಲಿಗೆ ಹೇಳಿಯಾಗಿದೆ. ಅದರಲ್ಲಿ ಪೊನ್ನವ್ವನಿಗೆ ನಂಬರಿಲ್ಲ. ಎಡೆ ಇಡುವ ದಿನ ಮಾವಿ ಬರುತ್ತಾರೆ, ಯಾವ ಸೀರೆ ಅಂತಲೂ ತೀರ್ಮಾನವಾಗಿದೆ.

ಹಳೇ ಕಲ್ಲು ಮೂಲಮನೆಯ ಹಿಂದೆ ಬಟ್ಟೆ ಒಗೆಯುವ ಜಾಗ ಸೇರಿದೆ.

ಅವತ್ತು ಮಾವಿಯ ಮನೆಯಿಂದ ಹೊರಡುವಾಗ ತಡೆಯಲಾರದೆ ರೇಗಿದ್ದೆ. "ಇಷ್ಟೆಲ್ಲ ಗೊತ್ತಿದ್ದೂ ಮೊದಲೇ ಯಾಕೆ ಹೇಳಲಿಲ್ಲ ಮಾವಿ?"

ಮಾವಿ ಕಿತ್ತಳೆ ಸಿಪ್ಪೆ ಒಟ್ಟು ಮಾಡುತ್ತಾ ಅಂದರು. "ನಾರಾಯಣಿ ಯಾರು ಅಂತ ಮಡಿಕೇರಿವರೆಗೂ ಹೋಗಿ ಕೇಳಿದ್ರಿ. ಪೊನ್ನವ್ವ ಯಾರು ಅಂತ ನನ್ನನ್ನ ಒಬ್ಬರಾದರೂ ಕೇಳಿದ್ರಾ?"